ಮೀಟರಿನ ಗಡಿಯಾರ ಯಾರ ಕಡೆ?

ಹಳೇ ಮೀಟರಿನಲ್ಲಿ ತಗಡಿನ ಚಕ್ರ ತಿರುಗುತ್ತಿತ್ತು. ಒಟ್ಟು ಎಷ್ಟು ಯುನಿಟ್ ಎಂಬುದಷ್ಟೇ ಅದಕ್ಕೆ ಗೊತ್ತು. ನಸುಕಿನಲ್ಲಿ ಸುಟ್ಟದ್ದೋ, ನಡುಮಧ್ಯಾಹ್ನವೋ, ಎರಡೂ ಒಂದೇ. ಹೊಸ ಮೀಟರಿನೊಳಗೆ ಗಡಿಯಾರ ಐತಿ. ಹೊತ್ತಿಗೊಂದು ಖಾನೆ ಮಾಡಿ ಯುನಿಟ್ಟುಗಳನ್ನು ಬೇರೆ ಬೇರೆ ಬರೆದಿಡುತ್ತದೆ. ಕೇಂದ್ರ ಸರಕಾರದ 2023ರ ನಿಯಮದಂತೆ ಬಿಸಿಲಿನ ಹೊತ್ತಿನ ದರ ಶೇ. 20ರಷ್ಟಾದರೂ ಕಡಿಮೆ ಇರಬೇಕು. ಬೇಡಿಕೆ ಏರುವ ಹೊತ್ತಿಗೆ ಕಾರ್ಖಾನೆ, ವ್ಯಾಪಾರಕ್ಕೆ ಶೇ. 20, ಉಳಿದವರಿಗೆ ಶೇ. 10 ಆದರೂ ಹೆಚ್ಚು. ಕೃಷಿಯನ್ನು ಹೊರಗಿಟ್ಟಿದ್ದಾರೆ.

ಛಲೋ ಆತು ಅಂತ ಸುಮ್ಮನಿರಬೇಕೇ? 10 ಎಚ್.ಪಿ.ವರೆಗಿನ ಪಂಪಿಗೆ ನಮಗೆ ಬಿಲ್ಲಿಲ್ಲ, ಖರೆ. ಹೊತ್ತಿನ ಬೆಲೆ ಮಾತ್ರ ನಾವು ಬೇರೆ ರೀತಿ ತೆರತೇವಿ. ಇಂಡಿಯ ನಿಂಬಿ ಇರಲಿ, ಸಿಂದಗಿಯ ಕಬ್ಬಿರಲಿ, ಮುದ್ದೇಬಿಹಾಳ, ಬಾಗೇವಾಡಿಯ ಉಳ್ಳಾಗಡ್ಡಿ ಇರಲಿ, ತ್ರೀ ಫೇಸ್ ರಾತ್ರಿ ಬಂತೆಂದರೆ ಬ್ಯಾಟರಿ ಹಿಡಕೊಂಡು ಹಾವು-ಚೇಳಿನ ನಡುವೆ ನೀರು ಹಾಯಿಸಬೇಕು. (ಬಾಗೇವಾಡಿ ಸೀಮೆಯ ಕೂಡಗಿಯಲ್ಲೇ 2400 ಮೆಗಾವಾಟಿನ ಸ್ಥಾವರ ನಿಂತೈತಿ!)

ಬಿಸಿಲಿನ ಕರೆಂಟು ಸೋವಿ ಎಂದು ಸರಕಾರದ ನಿಯಮವೇ ಒಪ್ಪಿದ ಮೇಲೆ, ಪಂಪಿನ ಪಾಲಿನ ತಾಸುಗಳನ್ನು ಹಗಲಿಗೇ ಕೊಡಲು ಏನಡ್ಡಿ? ಸೋಲಾರ್ ಹೆಚ್ಚಾದಂತೆ ಅದೇ ಅವರಿಗೂ ಅಗ್ಗ.

ಪಂಪಿಗೆ ಮೀಟರ್ ಅಂದ್ರ ನಮ್ಮವರು ಹೆದರತಾರ, ನಾಳೆ ಬಿಲ್ ಬಂದೀತು ಅಂತ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ನಾನು ಕೇಳುವುದು ಫೀಡರಿನ ಮೀಟರಿನ ಲೆಕ್ಕ. ನಾವು ಯಾವಾಗ ಸುಟ್ಟೆವು ಎಂದು ಹೇಳುವ ಗಡಿಯಾರ, ಅವರು ಯಾವಾಗ ಕೊಟ್ಟರು ಎಂಬುದನ್ನೂ ಹೇಳುತ್ತದೆ. ಆ ತಾಸುಗಳ ಪಟ್ಟಿಯನ್ನು ಪ್ರತಿ ತಿಂಗಳು ಪಂಚಾಯಿತಿ ಹಲಗೆಗೆ ಹಚ್ಚಲಿ.