ಪರಂಗಿ ಬೀಜ ತಿಪ್ಪೆಗೆ, ನಮ್ಮ ದುಡ್ಡು ಅಂಗಡಿಗೆ



ನಿಮ್ಮ ಕೃಷಿ ಹೊಂಡದಲ್ಲಿ ಮೀನು ಬಿಟ್ಟಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಬಿಡದವರೂ ಓದಿ. ಬಿತ್ತನೆ ಬೀಜ, ಗೊಬ್ಬರ, ಔಷಧಿಯಲ್ಲಿ ನಮಗೆ ಆದದ್ದೇ ಈಗ ಮೀನಿನ ಮೇವಿನಲ್ಲೂ ಆಗುತ್ತಿದೆ.

ಇಲಾಖೆಯ ಅನುಮತಿ ಪಡೆದು ನಾನು ಹೊಂಡಕ್ಕೆ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನಿನ ಮರಿ ಬಿಟ್ಟೆ. ಎಲ್ಲಾ ಗಂಡು ಮರಿ ಅಂದಿದ್ದರು. ನಡುವೆ ಹೆಣ್ಣೂ ಇದ್ದವು. ಈ ಮೀನು ಎರಡು ಮೂರು ತಿಂಗಳಿಗೇ ಮರಿ ಮಾಡುತ್ತೆ, ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಹೊಂಡದ ತುಂಬಾ ಮರಿ. ಹಾಕಿದ ಹಿಂಡಿ, ತೌಡು ಎಲ್ಲಾ ಅವುಗಳ ಪಾಲು. ಬಲೆ ಎಳೆದಾಗ ಸಿಕ್ಕಿದ್ದು ಅಂಗೈಯಗಲದ ಮೀನು. ವ್ಯಾಪಾರಿ ಅರ್ಧ ಬೆಲೆಗೆ ಕೇಳಿದ. ಮೇವಿನ ಸಾಲ ಮಾತ್ರ ಪೂರ್ತಿ ಉಳೀತು.

ಆಮೇಲೆ ಅಂಗಡಿಯವರು ಒಂದು ಪೊಟ್ಟಣ ಕೊಟ್ಟರು. "ಗಿಡಮೂಲಿಕೆ ಪುಡಿ. ಮೀನು ಬೇಗ ಬೆಳೆಯುತ್ತೆ, ಮರಿ ಹಾಕಲ್ಲ" ಅಂದರು. ಒಳಗೆ ಏನಿದೆ, ಎಷ್ಟಿದೆ ಅಂತ ಪೊಟ್ಟಣದ ಮೇಲೆ ಒಂದಕ್ಷರವಿಲ್ಲ. ಬೆಲೆ ಮಾತ್ರ ದಪ್ಪಕ್ಷರದಲ್ಲಿತ್ತು.

ವಿಚಾರ ಪೂರ್ತಿ ಸುಳ್ಳಲ್ಲ ಅನ್ನುವುದನ್ನೂ ಹೇಳಬೇಕು. ಗಂಡು ಮರಿ ಮಾಡಲು ಮೊದಲ ಮೂರು ನಾಲ್ಕು ವಾರ ಮೇವಿನಲ್ಲಿ ಮೀಥೈಲ್ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಬೆರೆಸುತ್ತಾರೆ. ಅದಕ್ಕೆ ಬದಲಿ ಹುಡುಕುತ್ತಾ ವಿಜ್ಞಾನಿಗಳು ಗಿಡಗಳ ಕಡೆ ತಿರುಗಿದರು. ನೈಜೀರಿಯಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪರಂಗಿ ಬೀಜ ಹೆಚ್ಚಾಗಿ ತಿಂದ ಗಂಡು ತಿಲಾಪಿಯಾಗಳ ವೀರ್ಯಕೋಶ ಹಾಳಾದವು. ಬೇವಿನ ಎಲೆಯನ್ನೂ ಪರೀಕ್ಷಿಸಿದ್ದಾರೆ. ಬೆಳವಣಿಗೆಗೆ, ರೋಗ ತಡೆಯಲು ಮೆಂತ್ಯ, ಬೆಳ್ಳುಳ್ಳಿಯನ್ನು ಮೇವಿನಲ್ಲಿ ಬೆರೆಸಿ ನೋಡಿದ್ದಾರೆ. ಎಲ್ಲಾ ನಮ್ಮ ಹಿತ್ತಲಿನದೇ!

ಹಾಗಂತ ನಾಳೆಯೇ ಪರಂಗಿ ಬೀಜ ಅರೆದು ಸುರಿಯಬೇಡಿ. ಗಿಡದ್ದು ಅಂದ ಮಾತ್ರಕ್ಕೆ ನಿರಪಾಯವಲ್ಲ. ಬೇವು ಹೆಚ್ಚಾದರೆ ಮೀನಿಗೇ ವಿಷ. ಕಹಿ ಹೆಚ್ಚಾದರೆ ಮೀನು ಮೇವು ಮುಟ್ಟಲ್ಲ. ತೊಟ್ಟಿಯಲ್ಲಿ ಕೆಲವು ವಾರ ನಡೆದ ಪ್ರಯೋಗ ಬೇರೆ, ನಮ್ಮ ಹೊಂಡದ ನೀರು, ಬಿಸಿಲು ಬೇರೆ. ನೋಡಲೇಬೇಕೆಂದರೆ ಹೊಂಡದ ಮೂಲೆಯಲ್ಲಿ ಎರಡು ಸಣ್ಣ ಬಲೆಗೂಡು ಕಟ್ಟಿ. ಒಂದಕ್ಕೆ ಬೆರೆಸಿದ ಮೇವು, ಇನ್ನೊಂದಕ್ಕೆ ಬರೀ ಮೇವು. ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿ. ಲೆಕ್ಕವಿಲ್ಲದ ರೈತನನ್ನು ಯಾರು ಬೇಕಾದರೂ ಮೋಸ ಮಾಡಬಹುದು.

ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತೆ. ಮೇವಿನ ಬೆಲೆ ಕಂಪನಿ ಕಟ್ಟುತ್ತೆ, ಮೀನಿನ ಬೆಲೆ ವ್ಯಾಪಾರಿ ಕಟ್ಟುತ್ತಾನೆ. ನಮ್ಮದೇನಿದ್ದರೂ ಸಾಲಪತ್ರಕ್ಕೆ ಹೆಬ್ಬೆಟ್ಟು. 2018-19ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನು ಸಾಕುವವರಿಗೂ ವಿಸ್ತರಿಸಿದರು. ಆ ಸಾಲ ಹೆಸರಿಲ್ಲದ ಪುಡಿಗೆ ಹೋದರೆ ತೀರಿಸುವವರು ಯಾರು?

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ಪೊಟ್ಟಣದ ಮೇಲೆ ಒಳಗಿರುವ ವಸ್ತು, ಪ್ರಮಾಣ ಕನ್ನಡದಲ್ಲಿ ಇರಬೇಕು. ಎರಡು, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಅಲ್ಲಿನ ತಜ್ಞರು ರೈತರ ಹೊಂಡಗಳಲ್ಲೇ ಈ ಗಿಡಗಳನ್ನು ಪರೀಕ್ಷಿಸಿ ಫಲಿತಾಂಶ ಹೇಳಬೇಕು. ಮೂರು, ಗಂಡು ಮರಿ ಅಂತ ಮಾರಿದವರು ಹೆಣ್ಣು ಬಂದರೆ ನಷ್ಟ ಕಟ್ಟಿಕೊಡಬೇಕು.

ಮುಂದಿನ ಸಲ ಅಂಗಡಿಯಲ್ಲಿ ಪೊಟ್ಟಣ ಕೊಟ್ಟಾಗ ಬೆಲೆ ಕೇಳುವ ಮೊದಲು "ಇದರೊಳಗೆ ಏನಿದೆ?" ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.