ಆಪರೇಷನ್ ಆದ ಮೇಲೆ ಅವಳನ್ನು ಯಾರು ನೋಡಿದರು?

ತಿಪಟೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು 31 ವರ್ಷ ನರ್ಸಮ್ಮನಾಗಿದ್ದೆ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಒಬ್ಬ ಹೆಂಗಸಿನ ಎಡಗೈ ನನ್ನ ಕಣ್ಣಿಂದ ಮರೆಯಾಗಿಲ್ಲ.

ಅವಳ ಎರಡು ಬಾಣಂತನವೂ ನನ್ನ ಕಣ್ಣೆದುರೇ ಆದವು. ಬಸಿರಿದ್ದಾಗ ತಿಂಗಳು ತಿಂಗಳೂ ತೂಕ, ಬಿಪಿ, ರಕ್ತ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಿದ್ದೆ. ಎರಡನೆಯ ಮಗು ಆದ ಮೇಲೆ, 24ನೇ ವಯಸ್ಸಿಗೇ ಆಪರೇಷನ್ ಮಾಡಿಸಿದೆವು. ಹೊಲಿಗೆ ಬಿಚ್ಚಿದ ದಿನ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿ ಪುಟ ತಿರುಗಿಸಿದೆ. ಆಮೇಲೆ 19 ವರ್ಷ ಅವಳ ತೋಳಿಗೆ ಬಿಪಿ ಪಟ್ಟಿ ಕಟ್ಟಿದವರೇ ಇಲ್ಲ. ನಾನೇ ಎಷ್ಟೋ ಸಲ ಅವಳ ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಅವಳ ಓರಗಿತ್ತಿಯ ಬಸಿರು ವಿಚಾರಿಸಿ ಎದ್ದು ಬಂದಿದ್ದೇನೆ. ಒಂದು ದಿನ ತೋಟದಲ್ಲಿ ಕಾಯಿ ಆಯುತ್ತಿದ್ದವಳು ಅಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ 210/120. ಲಕ್ವ ಹೊಡೆದಿತ್ತು. ಎಡಗೈ ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ಆಗ ಅವಳಿಗೆ 43.

ಹೆಣ್ಣಿನ ಆರೋಗ್ಯವೆಂದರೆ ಬಸಿರು ಬಾಣಂತನವಷ್ಟೇ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮನೆಯವರದೂ ಅದೇ ಲೆಕ್ಕ, ನಮ್ಮ ಇಲಾಖೆಯ ಲೆಕ್ಕವೂ ಬಹುಕಾಲ ಅದೇ ಆಗಿತ್ತು. ಇಡೀ ಮನೆ ಯಾವ ವಯಸ್ಸಿನಲ್ಲಿ ಅವಳ ಹೆಗಲ ಮೇಲಿರುತ್ತದೋ ಆ ವಯಸ್ಸಿನಲ್ಲೇ ಅವಳನ್ನು ಕೇಳುವವರಿಲ್ಲ.

ಸುಸ್ತು ನಮ್ಮ ಹೆಂಗಸರಿಗೆ ಕಾಯಿಲೆಯೇ ಅಲ್ಲ, ಮಾಮೂಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 7, 8 ಇಟ್ಟುಕೊಂಡು ನೀರು ಹೊತ್ತು, ರಾಗಿ ಕೊಯ್ದವರನ್ನು ನಾನು ಕಂಡಿದ್ದೇನೆ. ಮಾತ್ರೆ ಕೊಟ್ಟರೆ ಮಲ ಕಪ್ಪಗಾಯಿತೆಂದು ಹೆದರಿ ಹಿತ್ತಲಿಗೆ ಎಸೆಯುತ್ತಿದ್ದರು. ಕಪ್ಪಗಾಗುವುದು ಸಹಜ, ಹೆದರಬೇಡಿ. ಆದರೆ ಮಾತ್ರೆ ನುಂಗಿದ ಹಿಂದೆಯೇ ಕಾಫಿ ಕುಡಿಯಬೇಡಿ. ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ.

ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರ ಪುಕ್ಕಟೆಯಾಗಿ ಮಾಡುತ್ತದೆ. ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದರೂ ಕೇಂದ್ರ ತೆರೆದಿರುವ ಹೊತ್ತಿನಲ್ಲಿ ಅವರು ಕೂಲಿಯಲ್ಲಿರುತ್ತಾರೆ. ಬಿಪಿ ಏರಿದರೆ ನೋವಿಲ್ಲ, ಜ್ವರವಿಲ್ಲ. ಹಾಗಿರುವಾಗ ಕೂಲಿ ಬಿಟ್ಟು ಯಾಕೆ ಬಂದಾರು? ಕೊನೆಯ ಎರಡು ವರ್ಷ ನಾನು ಬಿಪಿ ಮೆಷಿನ್ನನ್ನು ಬ್ಯಾಗಿಗೆ ಹಾಕಿಕೊಂಡು ಸಂಜೆ ಸ್ವಸಹಾಯ ಸಂಘದ ಸಭೆಗೇ ಹೋಗತೊಡಗಿದೆ. ಉಳಿತಾಯದ ಹಣ ಎಣಿಸುತ್ತಾ ಒಬ್ಬೊಬ್ಬರೇ ತೋಳು ಕೊಟ್ಟರು. ಮೊದಲ ದಿನವೇ ಮೂವರಿಗೆ 140/90 ದಾಟಿತ್ತು. ಮೂವರಿಗೂ ಅದರ ಸುಳಿವಿರಲಿಲ್ಲ. ಪ್ರತಿ ಉಪಕೇಂದ್ರದವರೂ ಸಂಘದ ಸಭೆಗೆ ಹೋಗುವಂತೆ ಇಲಾಖೆ ಆದೇಶ ಮಾಡಬೇಕು. ಹೆಂಗಸರು ಕೇಂದ್ರಕ್ಕೆ ಬರಲಿ ಎಂದು ಕಾದು ಕೂತರೆ ಆಗದು.

ಗರ್ಭಕೊರಳಿನ ತಪಾಸಣೆ ಎಂದರೆ ನಾಚಿಕೆ. “ಮೊಮ್ಮಕ್ಕಳನ್ನ ಕಂಡಿದೀನಿ, ಈಗ್ಯಾಕೆ ಸಿಸ್ಟರ್ ಇದೆಲ್ಲ?” ಅನ್ನುತ್ತಿದ್ದರು. ಕೆಲವೇ ನಿಮಿಷದ ಪರೀಕ್ಷೆ ಅದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು, ಉಷ್ಣವೆಂದು ಸುಮ್ಮನಿರಬಾರದು. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಮೂಳೆ ಬೇಗಬೇಗ ಸವೆಯುತ್ತದೆ. ಅರವತ್ತೈದರಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಅಜ್ಜಿಯ ಕಷ್ಟ ಶುರುವಾಗುವುದು ಅಲ್ಲಿಂದಲೇ.

ನಮ್ಮ ಊರುಗಳಲ್ಲಿ ಗುರುವಾರ ಲಸಿಕೆ ದಿನ. ಮಗುವನ್ನೆತ್ತಿಕೊಂಡು ಸೊಸೆ ಬರುತ್ತಾಳೆ, ಜೊತೆಗೆ ಅತ್ತೆಯೂ ಬರುತ್ತಾಳೆ. ಈ ಗುರುವಾರ ಮಗುವಿಗೆ ಸೂಜಿ ಹಾಕಿಸಿದ ಮೇಲೆ ಎದ್ದು ಹೊರಡಬೇಡಿ. “ನನ್ನ ಬಿಪಿನೂ ನೋಡಿ ಸಿಸ್ಟರ್” ಎಂದು ಅತ್ತೆ ಸೊಸೆ ಇಬ್ಬರೂ ತೋಳು ಚಾಚಿ. ಆಕೆ ಇಲ್ಲವೆನ್ನುವಂತಿಲ್ಲ.