ಬೀಜ ಬೆಳೆದವನಿಗೆ ಮಾರುಕಟ್ಟೆ ಎಲ್ಲಿದೆ?

ಗಂಗಾವತಿಯ ಭತ್ತದ ರೈತನಿಗೆ ಒಂದು ಮಿಲ್ಲಿನ ದರ ಹಿಡಿಸದಿದ್ದರೆ ಇನ್ನೊಂದು ಮಿಲ್ಲಿದೆ, ಕಾರಟಗಿಯಿದೆ, ಎಪಿಎಂಸಿಯಿದೆ. ದಲಾಲಿಯ ಹತ್ತಿರ ಗೊಬ್ಬರಕ್ಕೆ ಸಾಲ ಮಾಡಿದವನ ಕೈ ಕಟ್ಟಿರುತ್ತದೆ, ನಿಜ. ಆದರೂ ನಾಲ್ಕು ಕಡೆ ದರ ವಿಚಾರಿಸಬಹುದು. ಕುಷ್ಟಗಿ, ಯಲಬುರ್ಗಾ ಕಡೆ ಕಂಪನಿಗಳಿಗೆ ಹೈಬ್ರಿಡ್ ತರಕಾರಿ ಬೀಜ ಬೆಳೆದುಕೊಡುವವನಿಗೆ ಅದೂ ಇಲ್ಲ.

ಬೀಜಕ್ಕೆ ಬೇಕಾದ ಗಂಡು, ಹೆಣ್ಣು ತಳಿ ಎರಡೂ ಕಂಪನಿಯವು. ಊರಲ್ಲಿ ಅದರ ಪರವಾಗಿ ಓಡಾಡುವವನು ಆರ್ಗನೈಸರ್. ಎಷ್ಟೋ ಸಲ ಮುಂಗಡ ಕೊಡುವವನೂ ಅವನೇ. ಟೊಮೆಟೊ ಆದರೆ, ಮೊಗ್ಗು ಅರಳುವ ಮುನ್ನವೇ ಕೂಲಿ ಹೆಣ್ಣುಮಕ್ಕಳು ಚಿಮಟದಿಂದ ಕೇಸರ ಕಿತ್ತು, ಮರುದಿನ ಗಂಡು ಹೂವಿನ ಪುಡಿ ಮುಟ್ಟಿಸಿ, ಗುರುತಿಗೆಂದು ಬುಡದ ಹಸಿರು ಎಸಳು ಕತ್ತರಿಸುತ್ತಾರೆ. ಒಂದೊಂದೇ ಹೂವು, ವಾರಗಟ್ಟಲೆ. ಅವರ ಕೂಲಿಯನ್ನು ಆಗಿಂದಾಗಲೇ ಎಣಿಸಿಕೊಡಬೇಕು. ರೈತನ ಹಣ ಮಾತ್ರ ಮೊಳಕೆ, ತಳಿಶುದ್ಧತೆಯ ಪರೀಕ್ಷೆಗೆ ಕಾಯುತ್ತದೆ, ತಿಂಗಳುಗಟ್ಟಲೆ. ಪರೀಕ್ಷೆ ಮಾಡುವುದೂ ಕಂಪನಿಯೇ. ಫೇಲೆಂದರೆ ಫೇಲು, ಆ ಬೀಜವನ್ನು ಬೇರೆಯವರಿಗೆ ಮಾರುವಂತಿಲ್ಲ.

ಯಾರೂ ಒತ್ತಾಯಿಸಿಲ್ಲ, ಬೇಕಾದವರು ಮಾಡುತ್ತಾರೆ ಎನ್ನುವವರಿದ್ದಾರೆ. ಸಜ್ಜೆ, ಕಡಲೆಗಿಂತ ಹೆಚ್ಚು ದುಡ್ಡು ಕಂಡವರಿದ್ದಾರೆ, ಅಲ್ಲಗಳೆಯುವುದಿಲ್ಲ. ಒಪ್ಪುವ ದಿನ ರೈತ ಸ್ವತಂತ್ರನೇ. ನಾಟಿ ಮಾಡಿ ಕೂಲಿಗೆ ಸಾಲ ತಂದ ಮೇಲೆ "ಒಲ್ಲೆ" ಅನ್ನಲು ಅವನಿಗೆ ದಾರಿ ಎಲ್ಲಿದೆ?

ಕಾನೂನೂ ಅವನ ನೆರವಿಗೆ ಸುಲಭವಾಗಿ ಬರುವುದಿಲ್ಲ. 2018ರಲ್ಲಿ ಬೇಯರ್ ಕಂಪನಿ ಬೀಜದ ದೈತ್ಯ ಮಾನ್ಸಾಂಟೊವನ್ನು ಕೊಂಡಾಗ ನಮ್ಮ ಸ್ಪರ್ಧಾ ಆಯೋಗ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ಆಗ ಎಲ್ಲರ ಚಿಂತೆ ಬೀಜ ಕೊಳ್ಳುವ ರೈತನದು. ಬೀಜ ಬೆಳೆಯುವ ರೈತ ಯಾರ ಕಣ್ಣಿಗೂ ಬೀಳಲಿಲ್ಲ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಂ ಮಾರಾಟದಲ್ಲಷ್ಟೇ ಅಲ್ಲ, ಖರೀದಿಯಲ್ಲೂ ಅನ್ಯಾಯದ ದರ, ಷರತ್ತು ಹೇರುವುದನ್ನು ನಿಷೇಧಿಸುತ್ತದೆ. ಆದರೆ ಅದು ಪ್ರಬಲ ಸ್ಥಾನದಲ್ಲಿರುವ ಕಂಪನಿಗಷ್ಟೇ ಅನ್ವಯ. ದೇಶದ ಲೆಕ್ಕದಲ್ಲಿ ಸಣ್ಣದಾದ ಕಂಪನಿಯೂ ನಾಟಿಯಾದ ಹೊಲಕ್ಕೆ ಏಕೈಕ ಗಿರಾಕಿ ಎಂಬುದು ಈ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಎರಡು ಎಕರೆಯವನು ವಕೀಲರನ್ನು ಹಿಡಿದು ದೆಹಲಿಯ ಆಯೋಗಕ್ಕೆ ಹೋಗಿ ಅದನ್ನು ಸಾಬೀತು ಮಾಡುತ್ತಾನೆಯೇ?

ಆಯೋಗಕ್ಕಾಗಿ ಕಾಯುವುದು ಬೇಡ. ಒಪ್ಪಂದ ಕನ್ನಡದಲ್ಲಿರಲಿ, ಒಂದು ಪ್ರತಿ ರೈತನ ಕೈಯಲ್ಲಿರಲಿ, ಹಣ ಕೊಡುವ ತಾರೀಖು ಅದರಲ್ಲಿರಲಿ. ತೂಕದ ದಿನವೇ ಮಾದರಿಯನ್ನು ಮೂರು ಪಾಲು ಮಾಡಿ ಮೊಹರು ಹಾಕಲಿ: ಒಂದು ಕಂಪನಿಗೆ, ಒಂದು ರೈತನಿಗೆ, ಇನ್ನೊಂದು ಕೃಷಿ ಇಲಾಖೆಗೆ. ತಕರಾರು ಬಂದರೆ ಇಲಾಖೆಯ ಪಾಲು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಲಿ, ಅಲ್ಲಿನ ಫಲಿತಾಂಶವೇ ಅಂತಿಮವಾಗಲಿ. ಇದನ್ನು ಒಪ್ಪದ ಕಂಪನಿಗೆ ಈ ಭಾಗದಲ್ಲಿ ಬೀಜ ಬೆಳೆಸಲು ರಾಜ್ಯ ಸರ್ಕಾರ ಅವಕಾಶ ಕೊಡಬಾರದು.